ಅಂಚಿಲ್ಲದ ತಗಡು

ನಮ್ಮ ಬೆಳ್ಮಣ್ಣಿನಲ್ಲಿ ಬಿರುದು ಕೊಡಲಿಕ್ಕೆ ಯುನಿವರ್ಸಿಟಿ ಬೇಕಾಗಿಲ್ಲ, ಬಸ್‌ಸ್ಟ್ಯಾಂಡ್ ಸಾಕು. ಕಜೆಟನ್ ಕುವೈಟಿನಿಂದ ಮೊದಲ ರಜೆಗೆ ಬಂದಿಳಿದ ದಿನ, ಬಸ್ಸಿನ ತಲೆಯ ಮೇಲಿನಿಂದ ಟ್ರಂಕು ಇಳಿಯುತ್ತಿದ್ದಾಗ, ಅಲ್ಲಿ ಎಂತ ಕೆಲಸ ಎಂದು ಯಾರೋ ಕೇಳಿದರು. ಎಲೆಕ್ಟ್ರಿಕಲ್ ಕಂಪೆನಿಯಲ್ಲಿ ಎಂದರು ಕಜೆಟನ್. ಅದು ಸತ್ಯ. ಕಂಪೆನಿಯ ಗೋದಾಮಿನಲ್ಲಿ ವಯರಿನ ಸುರುಳಿ, ಸ್ವಿಚ್ಚು, ಬಲ್ಬುಗಳನ್ನು ಕೇಳಿದವರಿಗೆ ಎತ್ತಿಕೊಡುವ ಸ್ಟೋರ್‌ಕೀಪರ್ ಕೆಲಸ ಅವರದು. ಅದನ್ನೂ ಹೇಳುವವರೇ ಇದ್ದರು, ಅಷ್ಟರಲ್ಲಿ ಟ್ರಂಕು ಕಾಲ ಮೇಲೆ ಬಿತ್ತು. ಕಾಲು ತಿಕ್ಕಿಕೊಂಡು ತಲೆ ಎತ್ತುವಾಗ ಅವರು ಇಂಜಿನಿಯರ್ ಆಗಿಬಿಟ್ಟಿದ್ದರು.

ಬಂದ ಬಿರುದನ್ನು ಬೇಡವೆನ್ನುವುದು ಸೌಜನ್ಯವಲ್ಲ. ಕುವೈಟ್ ಬಿಟ್ಟು ಊರಿನಲ್ಲೇ ನೆಲೆಸಿದ ಮೇಲೆ ಕಜೆಟನ್ ಒಂದು ಟೆಸ್ಟರ್ ಕೊಂಡು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು. ಯಾರ ಮನೆಯಲ್ಲಿ ಕರೆಂಟು ಹೋದರೂ ಕರೆ ಬರುತ್ತಿತ್ತು, ಇವರು ಹೋಗುತ್ತಿದ್ದರು. ಮೊದಲು ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳುವುದು, ಆಮೇಲೆ ಹಣೆ, ಎದೆ, ಹೆಗಲು ಮುಟ್ಟಿ ಶಿಲುಬೆಯ ಗುರುತು ಹಾಕುವುದು, ಆಮೇಲೆ ಟೆಸ್ಟರಿನಿಂದ ಸ್ವಿಚ್‌ಬೋರ್ಡಿನ ಮರಕ್ಕೆ ಎರಡು ಸಲ ಕುಟ್ಟುವುದು. "ಇದು ಲೋಕಲ್ ಮಾಲು" ಎಂದು ತಲೆಯಾಡಿಸಿ, ಕಾರ್ಕಳದಿಂದ ವಯರ್‌ಮ್ಯಾನನ್ನು ಕರೆಸಲು ಹೇಳುತ್ತಿದ್ದರು. ವಯರ್‌ಮ್ಯಾನ್ ಬಂದು ರಿಪೇರಿ ಮಾಡುತ್ತಿದ್ದ. ಹೀಗೆ ನಮ್ಮೂರಿನ ವಿದ್ಯುತ್ ವ್ಯವಹಾರ ಐದಾರು ವರ್ಷ ಸುಸೂತ್ರವಾಗಿ ನಡೆದಿತ್ತು.

ಕಜೆಟನರ ಪಾಗಾರಕ್ಕೆ, ಎಂದರೆ ಕಂಪೌಂಡಿನ ಗೋಡೆಗೆ, ತಾಗಿಕೊಂಡೇ ದಾಮೋದರಣ್ಣನ ಮನೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಮೇಷ್ಟ್ರಿಂದ ಪೆಟ್ಟು ತಿಂದವರು. ಆಮೇಲೆ ಒಬ್ಬರು ಕುವೈಟಿಗೆ ಹೋದರು, ಇನ್ನೊಬ್ಬರು ಬೊಂಬಾಯಿಯ ಹೋಟೆಲಿಗೆ. ದಾಮೋದರಣ್ಣನ ಹೆಂಡತಿ ಪಂಕಜಕ್ಕನಿಗೆ ಗಂಡ ಎಂದರೆ ಮೇ ತಿಂಗಳಲ್ಲಿ ಮಾವಿನಹಣ್ಣಿನ ಜೊತೆ ಬಂದು, ಮಾವಿನಹಣ್ಣು ಮುಗಿಯುವಾಗ ಹೊರಡುವ ನೆಂಟ. ಈ ಕತೆ ನಡೆದ ವರ್ಷ ಮಾತ್ರ ದಾಮೋದರಣ್ಣ ಮೇ ತಿಂಗಳಿಗೆ ಕಾಯದೆ ಹೋಟೆಲಿಗೆ ಕೈಮುಗಿದು, ಇನ್ನು ಹೋಗುವುದಿಲ್ಲ ಎಂದು ಬಂದರು. ಇದ್ದದ್ದನ್ನೆಲ್ಲ ಹಾಕಿ ಮನೆಯ ಹಿಂದಿನ ಹಿತ್ತಿಲಲ್ಲಿ ಒಂದು ಅಕ್ಕಿ ಮಿಲ್ಲಿಗೆ ಕೈಹಾಕಿದರು. ಪಂಕಜಕ್ಕ ಆ ವರ್ಷ ಮೊದಲ ಸಲ ಜೂನ್ ತಿಂಗಳ ಲೆಕ್ಕದಲ್ಲೂ ಗಂಡನಿಗೆ ಗಂಜಿಗೆ ಅಕ್ಕಿ ಹಾಕಿಟ್ಟಿದ್ದರು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮಲ್ಲಿ ಕಜೆಟನರಂಥವರು ಮನೆಯೊಳಗೆ ಕೊಂಕಣಿ ಮಾತಾಡುತ್ತಾರೆ. ಪಾಗಾರದ ಬಳಿ ಬಂದರೆ ಎಲ್ಲರದ್ದೂ ತುಳು. ಕನ್ನಡ ಇರುವುದು ಶಾಲೆಗೆ, ಪಂಚಾಯತಿಗೆ ಮತ್ತು ಜಗಳಕ್ಕೆ. ದಾಮೋದರಣ್ಣ ಗೆಳೆಯನನ್ನು ತುಳುವರ ರೂಢಿಯಂತೆ "ಪೊರ್ಬು" ಎಂದು ಕರೆಯುತ್ತಿದ್ದರು. ಕ್ರೈಸ್ತ ಗಂಡಸರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಆ ಕರೆ ನಿಂತು ಕನ್ನಡ ಶುರುವಾಯಿತೆಂದರೆ ಕೋರ್ಟು ದೂರವಿಲ್ಲ ಎಂದು ತಿಳಿಯಬೇಕು. ಇವರಿಬ್ಬರು ತಮ್ಮತಮ್ಮಲ್ಲಿ ಕನ್ನಡ ಆಡಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಮಿಲ್ಲಿನ ಶೆಡ್ಡಿಗೆ ಹೆಂಚಿನ ಬದಲು ತಗಡಿನ ಶೀಟು ಹಾಕಿದ್ದೇ ಊರಿನಲ್ಲಿ ಮೊದಲ ಸುದ್ದಿ. ಬೆಳ್ಮಣ್ಣಿನಲ್ಲಿ ಕ್ರೈಸ್ತರ ಇಗರ್ಜಿ ಬಿಟ್ಟರೆ ಅಷ್ಟು ದೊಡ್ಡ ಮಾಡು ಇನ್ನೊಂದಿರಲಿಲ್ಲ. ಬೆಳಿಗ್ಗೆ ಎಂಟು ಗಂಟೆಯ ಬಿಸಿಲಿಗೆ ಅದು ಹೊಳೆದರೆ ಬಸ್ಸಿನ ಡ್ರೈವರುಗಳು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಏಪ್ರಿಲ್ ಕೊನೆಯ ಒಂದು ಸಂಜೆ ಗುಡುಗು ಸಿಡಿಲು ಬಂದು, ಪಂಕಜಕ್ಕನ ಬಾವಿಕಟ್ಟೆಯ ಬಳಿಯ ತೆಂಗಿನಮರದ ತಲೆ ಹೊತ್ತಿ ಉರಿದದ್ದೇ ಎರಡನೆಯ ಸುದ್ದಿ. ಎರಡು ಸುದ್ದಿಗಳನ್ನು ಗಂಟುಹಾಕಲು ನಮ್ಮವರಿಗೆ ಹಗ್ಗ ಬೇಡ.

ಮರುದಿನ ಪಂಕಜಕ್ಕ ಪಾಗಾರದ ಬಳಿ ಬಂದು, ಈ ಶೀಟು ಸಿಡಿಲನ್ನು ಎಳೆಯುತ್ತದಂತೆ ಹೌದಾ, ಅದರ ಬುಡದಲ್ಲೇ ಮಲಗುವವಳು ನಾನು ಎಂದು ಇಂಜಿನಿಯರರನ್ನು ಕೇಳಿದರು. ಕಜೆಟನ್ ಟೆಸ್ಟರ್ ಮುಟ್ಟಿಕೊಂಡರು. ಇದು ಲೋಕಲ್ ಮಾಲು ಎಂದು ಸಿಡಿಲಿನ ಬಗ್ಗೆ ಹೇಳುವ ಹಾಗಿಲ್ಲ. ಸ್ವಲ್ಪ ಲೆಕ್ಕ ನೋಡಿ ಹೇಳುತ್ತೇನೆ ಎಂದು ಒಳಗೆ ಹೋದರು.

ಒಳಗೆ ಚಾವಡಿಯಲ್ಲಿ ಅವರ ಮಗಳು ಡುಲ್ಸಿನ್ ಪರೀಕ್ಷೆಗೆ ಓದುತ್ತಿದ್ದಳು. ಉಡುಪಿಯ ಕಾಲೇಜಿನಲ್ಲಿ ಬಿಎಸ್ಸಿ ಕೊನೆಯ ವರ್ಷ. ಗಟ್ಟಿಯಾಗಿ ಓದದಿದ್ದರೆ ಅವಳಿಗೆ ತಲೆಗೆ ಹತ್ತುತ್ತಿರಲಿಲ್ಲ, ಗಟ್ಟಿಯಾಗಿ ಓದಿದರೆ ಅವಳ ತಾಯಿ ಸೆಲೀನ್‌ಬಾಯಿಗೆ ತಲೆನೋವು. ಆ ಹೊತ್ತಿಗೆ ಅವಳು ಹತ್ತನೆಯ ಸಲ ಓದುತ್ತಿದ್ದದ್ದು, ವಿದ್ಯುತ್ತು ತುಂಬಿದ ಅನಂತವಾದ ಒಂದು ಹಾಳೆ ಇದ್ದರೆ ಅದರ ಪ್ರಭಾವ ಎಲ್ಲ ಕಡೆ ಒಂದೇ ಸಮ, ದೂರಕ್ಕೆ ತಕ್ಕಂತೆ ಕಡಿಮೆಯಾಗುವುದಿಲ್ಲ ಎಂಬ ನಿಯಮವನ್ನು. ಹಾಳೆ ಎಂದರೆ ಶೀಟು ತಾನೇ ಎಂದು ಕಜೆಟನ್ ಕೇಳಿದರು. ಅವಳು ಪುಸ್ತಕದಿಂದ ಕಣ್ಣೆತ್ತದೆ ಹೌದೆಂದಳು. ಹತ್ತಿರ ಇದ್ದವರಿಗೂ ಒಂದೇ, ದೂರ ಇದ್ದವರಿಗೂ ಒಂದೇಯಾ ಎಂದು ಕೇಳಿದರು. ಅದಕ್ಕೂ ಹೌದೆಂದಳು.

ಅನಂತ ಎಂಬ ಮಾತು ಕಜೆಟನರ ಕಿವಿಗೆ ಬೀಳಲಿಲ್ಲ ಎಂದು ನಾನು ಹೇಳುವುದಿಲ್ಲ. ಚೆನ್ನಾಗಿಯೇ ಬಿತ್ತು. ಅನಂತ ಎಂದರೆ ತುಂಬ ದೊಡ್ಡದು ಎಂದು ಅವರು ಅರ್ಥ ಮಾಡಿಕೊಂಡರು. ದಾಮೋದರನ ಶೀಟು ತುಂಬ ದೊಡ್ಡದೇ, ಎಣಿಸಿದರೆ ಬೆಳ್ಮಣ್ಣಿಗೇ ದೊಡ್ಡದು. ಅಲ್ಲಿಗೆ ನಿಯಮ ಕೂತುಬಿಟ್ಟಿತು.

ಅವರು ನಗುತ್ತ ಪಾಗಾರಕ್ಕೆ ವಾಪಸು ಬಂದರು. ಹೆದರಬೇಡಿ ಪಂಕಜಕ್ಕ, ಇಷ್ಟು ದೊಡ್ಡ ಶೀಟಿಗೆ ಹತ್ತಿರ ದೂರ ಎಂಬ ಭೇದವೇ ಇಲ್ಲ, ಬುಡದಲ್ಲಿ ಮಲಗುವ ನಿಮಗೆ ಎಷ್ಟೋ ಕಾರ್ಕಳದಲ್ಲಿ ಮಲಗುವವರಿಗೂ ಅಷ್ಟೇ ಎಂದು ಧೈರ್ಯ ಹೇಳಿದರು. ಪಂಕಜಕ್ಕನಿಗೆ ನಿಜವಾಗಿಯೂ ಸಮಾಧಾನವಾಯಿತು. ಕಷ್ಟ ತನ್ನೊಬ್ಬಳಿಗೇ ಅಲ್ಲ ಎಂದರೆ ಯಾರಿಗಾದರೂ ಸಮಾಧಾನವೇ.

ಆದರೆ ಅಲ್ಲಿ ಮೀನಿನ ಬುಟ್ಟಿ ಇಳಿಸಿ ಬಂಗುಡೆ ಎಣಿಸುತ್ತಿದ್ದ, ಕಡಲತಡಿಯ ಉಚ್ಚಿಲದ ಜಲಜಕ್ಕನಿಗೆ ಆಗಲಿಲ್ಲ. ಅವರು ಎಣಿಕೆ ನಿಲ್ಲಿಸಿದರು.

"ಉಚ್ಚಿಲಕ್ಕೂ ಅಷ್ಟೇಯಾ ಪೊರ್ಬುಗಳೇ?"

ಈಗ ಯೋಚಿಸಿದರೆ, ಅಲ್ಲಿ ಒಂದು ಸಣ್ಣ ಸುಳ್ಳು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಕಜೆಟನರು ಆ ಹೊತ್ತಿಗೆ ಶಾಸ್ತ್ರದ ಪಕ್ಷದಲ್ಲಿದ್ದರು. ಶಾಸ್ತ್ರಕ್ಕೆ ಪಕ್ಷಪಾತ ಇಲ್ಲ. "ಅಷ್ಟೇ" ಎಂದರು.

ಜಲಜಕ್ಕ ಆ ದಿನ ಅರ್ಧ ಬುಟ್ಟಿ ಮೀನು ವಾಪಸು ಹೊತ್ತುಕೊಂಡು ಪಡುಬಿದ್ರಿಯ ಬಸ್ಸು ಹತ್ತಿದರು. ಬಸ್ಸಿನಲ್ಲಿದ್ದವರೆಲ್ಲ ತಮ್ಮತಮ್ಮ ಸ್ಟಾಪಿನಲ್ಲಿ ಸುದ್ದಿಯನ್ನೂ ಹಿಡಿದುಕೊಂಡು ಇಳಿದರು. ವಾರದೊಳಗೆ ಉಚ್ಚಿಲದಲ್ಲಿ ಬಲೆಗೆ ಮೀನು ಬೀಳುವುದು ಕಡಿಮೆಯಾದದ್ದಕ್ಕೆ ಕಾರಣ ಸಿಕ್ಕಿತು. ಕಾಪುವಿನಲ್ಲಿ ಒಬ್ಬರ ರೇಡಿಯೋ ಪ್ರದೇಶ ಸಮಾಚಾರದ ಹೊತ್ತಿಗೇ ಕರಕರ ಎನ್ನುತ್ತಿತ್ತು, ಅದಕ್ಕೂ ಸಿಕ್ಕಿತು. ಉಡುಪಿಯ ಬನ್ನಂಜೆಯಲ್ಲಿ ಒಬ್ಬ ವಕೀಲರಿಗೆ ಮಣಿಪಾಲದಲ್ಲಿ ಕಟ್ಟಿಸಿದ ಹಲ್ಲು ಜುಮ್ಮೆನ್ನತೊಡಗಿತು. ಇಷ್ಟಕ್ಕೂ ಮಿಲ್ಲಿಗೆ ಆಗ ಕರೆಂಟೇ ಬಂದಿರಲಿಲ್ಲ. ಕರೆಂಟು ಬರುವ ಮೊದಲೇ ಹೀಗಾದರೆ ಬಂದ ಮೇಲೆ ಹೇಗೆ ಎಂದು ಜನ ಇನ್ನಷ್ಟು ಹೆದರಿದರು.

ಇದರಲ್ಲಿ ಒಂದು ವಿಶೇಷ ಉಂಟು. ಸಾಮಾನ್ಯವಾಗಿ ಮಿಲ್ಲಿಗೆ ತಕರಾರು ಎತ್ತುವವರು ನೆರೆಕರೆಯವರು. ಇಲ್ಲಿ ನೆರೆಕರೆಯವರು ಒಂದು ಮಾತೂ ಆಡಲಿಲ್ಲ. ಅವರಿಗೆ ಭತ್ತದ ಮೂಟೆ ಹೊತ್ತು ಕಾರ್ಕಳಕ್ಕೆ ಹೋಗುವುದು ತಪ್ಪುತ್ತಿತ್ತು. ದೂರು ಬಂದದ್ದೆಲ್ಲ ಶೀಟನ್ನು ಕಣ್ಣಿನಿಂದಲೇ ಕಾಣದವರಿಂದ. ಎಷ್ಟು ದೂರವೋ ಅಷ್ಟು ಸಿಟ್ಟು.

ಕರೆಂಟ್ ಆಫೀಸಿನಲ್ಲಿದ್ದ ಜೂನಿಯರ್ ಇಂಜಿನಿಯರ್ ಧರ್ಮಪಾಲ ಸಜ್ಜನರು. ಮಿಲ್ಲಿಗೆ ಕರೆಂಟು ಕೊಡಬಾರದೆಂಬ ಅರ್ಜಿಗಳು ಮೇಜಿನ ಮೇಲೆ ಬೆಳೆಯುವುದನ್ನು ಕಂಡು, ಹೆದರಿದ ಜನರಿಗೆ ನಾಲ್ಕು ಮಾತು ಬುದ್ಧಿ ಹೇಳೋಣ ಎಂದು ಅವರೇ ಬೆಳ್ಮಣ್ಣಿಗೆ ಬಂದರು. ಆದರೆ ಇಗರ್ಜಿಯ ಎದುರಿನ ಅಶ್ವತ್ಥಕಟ್ಟೆಯಲ್ಲಿ ಕೂತು, ದೂರ ಇದ್ದರೂ ಕಡಿಮೆಯಾಗದ ನಿಯಮ ಎಂಬ ಮಾತು ಕೇಳಿದ್ದೇ ಅವರ ಮುಖ ಬದಲಾಯಿತು. ಹದಿನೈದು ವರ್ಷದ ಹಿಂದೆ ಪರೀಕ್ಷೆಯಲ್ಲಿ ಬರೆದದ್ದು ಅವರಿಗೆ ನೆನಪಾಯಿತು. "ಸಿಗ್ಮಾ ಬೈ ಟೂ ಎಪ್ಸಿಲಾನ್ ನಾಟ್" ಎಂದರು ಕಣ್ಣು ಮುಚ್ಚಿ. ಆ ಸೂತ್ರದಲ್ಲಿ ದೂರಕ್ಕೆ ಅಂತ ಒಂದು ಅಕ್ಷರವೇ ಇಲ್ಲ, ಇಂಜಿನಿಯರ್ ಕಜೆಟನ್ ಹೇಳಿದ್ದು ಸರಿ, ನನಗೆ ಅದಕ್ಕೆ ಐದು ಮಾರ್ಕು ಬಂದಿತ್ತು ಎಂದರು.

ಸೂತ್ರ ನೆನಪಿತ್ತು. ಅದರ ಮೊದಲು ಬರುವ ಷರತ್ತು ನೆನಪಿರಲಿಲ್ಲ. ಪಾಪ, ಷರತ್ತಿಗೆ ಮಾರ್ಕು ಇರಲಿಲ್ಲವೋ ಏನೋ.

ಸರಕಾರದ ಮನುಷ್ಯನೇ ಮಂತ್ರದ ಹಾಗೆ ಕಣ್ಣು ಮುಚ್ಚಿ ಹೇಳಿದ ಮೇಲೆ ಉಳಿದದ್ದೇನು? ಕಟ್ಟೆಯಿಂದ ಎದ್ದ ಜನ ಮನೆಗೆ ಹೋಗಿ ಮಕ್ಕಳನ್ನು ಒಳಗೆ ಕರೆದುಕೊಂಡರು. ಧರ್ಮಪಾಲರು ಮಾತ್ರ ದಾಮೋದರಣ್ಣನ ಮುಖ ನೋಡಿ ಕನಿಕರಪಟ್ಟರು. ಊರಿನ ಒಬ್ಬ ತಜ್ಞರು ಭಯಕ್ಕೆ ಕಾರಣವಿಲ್ಲ ಎಂದು ಹುದ್ದೆಯ ಸಮೇತ ಸಹಿ ಹಾಕಿಕೊಟ್ಟರೆ ನಾಳೆಯೇ ಕನೆಕ್ಷನ್ ಕೊಡುತ್ತೇನೆ ಎಂದರು. ತಜ್ಞರು ಎಂದಾಗ ಎಲ್ಲರೂ ಒಟ್ಟಿಗೆ ಒಂದೇ ಕಡೆ ತಿರುಗಿದರು. ಕಜೆಟನರ ಜೇಬಿನಲ್ಲಿ ಟೆಸ್ಟರ್ ಹೊಳೆಯುತ್ತಿತ್ತು.

ಬಾಯಿಮಾತಿನ ಇಂಜಿನಿಯರ್ ಆಗಿರುವುದು ಬೇರೆ, ಸರಕಾರದ ಕಾಗದದ ಮೇಲೆ ಆಗುವುದು ಬೇರೆ. ಹೆಸರಿನ ಕೆಳಗೆ ಹುದ್ದೆ ಬರೆದರೆ ಸುಳ್ಳು ಸಹಿ, ಅದಕ್ಕೆ ಜೈಲು ಉಂಟು. ಬರೆಯದಿದ್ದರೆ ದಾಮೋದರನ ಮಿಲ್ಲು ಇಲ್ಲ. ಕಜೆಟನರು ಸೊಂಟನೋವು ಎಂದು ಮನೆಯೊಳಗೆ ಸೇರಿಕೊಂಡರು. ಆದಿತ್ಯವಾರದ ಪೂಜೆಗೂ ಹಿಂದಿನ ಬಾಗಿಲಿನಿಂದ ಹೋಗಿ ಹಿಂದಿನ ಬಾಗಿಲಿನಿಂದ ಬಂದರು. ಪಾದ್ರಿಗಳು ನೋಡಲಿಕ್ಕೆ ಬಂದು ಯಾವ ಕಡೆ ನೋವು ಎಂದು ಕೇಳಿದ್ದಕ್ಕೆ, ಹತ್ತಿರ ದೂರ ಎಲ್ಲ ಕಡೆ ಒಂದೇ ಎಂದರಂತೆ.

ನಾಲ್ಕನೆಯ ದಿನ ದಾಮೋದರಣ್ಣ ಪಾಗಾರದ ಬಳಿ ಬಂದು ನಿಂತರು. ಕಜೆಟನರು ಕಿಟಕಿಯ ಹಿಂದೆ ಇದ್ದದ್ದು ಅವರಿಗೆ ಗೊತ್ತಿತ್ತು. ಅವರು ಕನ್ನಡದಲ್ಲಿ ಮಾತಾಡಿದರು.

"ಕಜೆಟನ್‌ರವರೇ, ತಾವು ಸಹಿ ಹಾಕುವುದಾದರೆ ದಯವಿಟ್ಟು ತಿಳಿಸಬೇಕು. ಇಲ್ಲವಾದರೆ ನಾನು ಇಪ್ಪತ್ತನೇ ತಾರೀಕಿನ ಬಸ್ಸಿಗೆ ಬೊಂಬಾಯಿಗೆ ಹೊರಡುವವನಿದ್ದೇನೆ. ಹೋಟೆಲಿನವರು ಕರೆದಿರುತ್ತಾರೆ."

ಪಂಪಿನ ಬಳಿ ಪಾತ್ರೆ ತೊಳೆಯುತ್ತಿದ್ದ ಸೆಲೀನ್‌ಬಾಯಿಯ ಕೈಯಿಂದ ತಪ್ಪಲೆ ಜಾರಿತು. ತಾವು ಅಂದನಾ ಎಂದು ಅವರು ಒಳಗೆ ಬಂದು ಗಂಡನನ್ನು ಕೇಳಿದರು.

ಅದೇ ಸಂಜೆ ಅದಕ್ಕಿಂತ ದೊಡ್ಡ ಪೆಟ್ಟು ಬಿತ್ತು. ಸೆಲೀನ್‌ಬಾಯಿಯ ಒಂದು ಕುವೈಟಿನ ಪಿಂಗಾಣಿ ಬೋಗುಣಿ ವರ್ಷಗಳಿಂದ ಆ ಪಾಗಾರದ ಮೇಲೆ ಆಚೆ ಈಚೆ ಓಡಾಡುತ್ತಿತ್ತು. ಇಲ್ಲಿಂದ ಇಡ್ಲಿಯಂಥ ಸಾನ್ನ ಹೋದರೆ ಅಲ್ಲಿಂದ ಬಸಳೆ ಸಾರು, ಅಲ್ಲಿಂದ ಎಲೆಯಲ್ಲಿ ಬೇಯಿಸಿದ ಗಟ್ಟಿ ಬಂದರೆ ಇಲ್ಲಿಂದ ಉಪ್ಪಿನಕಾಯಿ. ಬರಿದಾಗಿ ವಾಪಸು ಕಳಿಸುವ ಕ್ರಮ ನಮ್ಮಲ್ಲಿ ಯಾವ ಜಾತಿಯಲ್ಲೂ ಇಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಅಂದು ಬೋಗುಣಿ ತೊಳೆದು, ಒರೆಸಿ, ಬರಿದಾಗಿ ಪಾಗಾರದ ಮೇಲೆ ಕೂತಿತ್ತು. ಸೆಲೀನ್‌ಬಾಯಿ ಅದನ್ನು ತಂದು ಗಂಡನ ಎದುರು ಇಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಪರೀಕ್ಷೆ ಮುಗಿಸಿ ಉಡುಪಿಯಿಂದ ಬಂದ ಡುಲ್ಸಿನ್ ಕಂಡದ್ದು ಈ ದೃಶ್ಯ. ನಡುವೆ ಬೋಗುಣಿ, ಆಚೆ ಅಪ್ಪ, ಈಚೆ ಅಮ್ಮ. ಅವಳು ಪರೀಕ್ಷೆಯಷ್ಟೂ ದಿನ ಹಾಸ್ಟೆಲಿನಲ್ಲೇ ಉಳಿದು ಬರೆದವಳು, ಸುದ್ದಿಯೊಂದೂ ಗೊತ್ತಿರಲಿಲ್ಲ. ಕತೆ ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಪ್ಪನ ಮುಖ ನೋಡಿ ಪಕ್ಕದಲ್ಲಿ ಕೂತಳು.

"ಪಪ್ಪಾ, ಅನಂತ ಅಂದರೆ ತುಂಬ ದೊಡ್ಡದು ಅಂತ ಅಲ್ಲ. ಅಂಚೇ ಇಲ್ಲದ್ದು. ಎಷ್ಟು ನಡೆದರೂ ಮುಗಿಯದ್ದು."

"ಅಂಥ ಶೀಟು ಎಲ್ಲಿ ಉಂಟು?"

"ಎಲ್ಲಿಯೂ ಇಲ್ಲ. ಪುಸ್ತಕದಲ್ಲಿ ಮಾತ್ರ."

"ಇಲ್ಲದ ಶೀಟಿನ ವಿಷಯ ನೀನು ಯಾಕೆ ಓದುವುದು?"

"ಲೆಕ್ಕ ಸುಲಭ ಆಗ್ತದೆ ಪಪ್ಪಾ."

ಇಲ್ಲದ ಶೀಟಿಗೆ ಐದು ಮಾರ್ಕು, ಇದ್ದ ಶೀಟಿಗೆ ಇಷ್ಟು ಕಷ್ಟ. ಡುಲ್ಸಿನ್ ಇನ್ನೂ ಬಿಡಿಸಿ ಹೇಳಿದಳು. ಇದ್ದ ಶೀಟಿಗೆ ತೀರಾ ಹತ್ತಿರ, ಮೂಗು ತಾಗುವಷ್ಟು ಹತ್ತಿರ ನಿಂತರೆ ಅಂಚು ಕಾಣುವುದಿಲ್ಲ, ಅಲ್ಲಿ ನಿಯಮ ಹೆಚ್ಚುಕಡಿಮೆ ಸರಿ. ದೂರ ಹೋದ ಹಾಗೆ ಶೀಟು ಸಣ್ಣದಾಗುತ್ತ ಕೊನೆಗೆ ಒಂದು ಚುಕ್ಕೆ, ಪ್ರಭಾವವೂ ಹಾಗೆಯೇ ಇಳಿದು ಹೋಗುತ್ತದೆ. ಅಲ್ಲದೆ ದಾಮೋದರ ಮಾಮನ ಶೀಟಿನಲ್ಲಿ ವಿದ್ಯುತ್ತು ತುಂಬಿಕೊಳ್ಳುವುದಕ್ಕೇ ದಾರಿ ಇಲ್ಲ, ಕಾರ್ಕಳದ ವಯರ್‌ಮ್ಯಾನ್ ನೆಲಕ್ಕೆ ಅರ್ಥ್ ವಯರು ಇಳಿಸಿ ಆಗಿದೆ ಎಂದಳು. ನಾಳೆ ನಾನೇ ಬಂದು ಎಲ್ಲರಿಗೂ ಹೇಳುತ್ತೇನೆ ಎಂದೂ ಹೇಳಿದಳು. ಆದರೆ ಆ ಸಹಿಯ ವಿಷಯಕ್ಕೆ ಅವಳ ಪುಸ್ತಕದಲ್ಲಿ ನಿಯಮವಿರಲಿಲ್ಲ.

ಮರುದಿನ ಮಿಲ್ಲಿನ ಶೆಡ್ಡಿನ ಎದುರು ಸೇರಿದ ಜನವನ್ನು ನಮ್ಮೂರು ಇಗರ್ಜಿಯ ಹಬ್ಬದಲ್ಲೂ ಕಂಡಿರಲಿಲ್ಲ. ಉಚ್ಚಿಲದವರು, ಕಾಪುವಿನವರು, ಬನ್ನಂಜೆಯ ವಕೀಲರು ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು. ಎಲ್ಲರೂ ದೂರವೇ ನಿಂತರು, ಆಮೇಲೆ ದೂರ ನಿಂತು ಪ್ರಯೋಜನವಿಲ್ಲ ಎಂದು ನೆನಪಾಗಿ ಹತ್ತಿರ ಬಂದರು. ಪಂಚಾಯತಿ ಚೇರ್ಮನ್ ರಾಮದಾಸ ಹೆಗ್ಡೆಯವರು ಕುರ್ಚಿ ಹಾಕಿಸಿಕೊಂಡಿದ್ದರು. ಅವರಿಗೆ ಮಹಜರು ಬರೆಸುವುದೆಂದರೆ ಪಾಯಸ ಉಂಡಷ್ಟು ಸಂತೋಷ. ಧರ್ಮಪಾಲರು ಒಂದು ಕಾಗದ ಹಿಡಿದು ಬೆವರುತ್ತಿದ್ದರು.

ಡುಲ್ಸಿನ್ ಎದ್ದು ನಿಂತಳು. ನಮ್ಮ ಪಪ್ಪ ಹೇಳಿದ್ದು ನಿಯಮದ ಮೊದಲ ಅರ್ಧ, ಅದು ಸರಿಯೇ, ಉಳಿದ ಅರ್ಧ ಹೇಳುವಷ್ಟರಲ್ಲಿ ಅವರಿಗೆ ಸೊಂಟನೋವು ಬಂತು ಎಂದು ಶುರುಮಾಡಿದಳು. ಹುಡುಗಿ ಬುದ್ಧಿವಂತೆ ಎಂದು ನಾವು ಆಗಲೇ ತೀರ್ಮಾನಿಸಿದೆವು. ನಿಯಮ ಅಂಚಿಲ್ಲದ ಶೀಟಿಗೆ ಮಾತ್ರ ಎಂದಾಗ ಧರ್ಮಪಾಲರು ಹಣೆಗೆ ಹೊಡೆದುಕೊಂಡು, ಹೌದು ಹೌದು, ಇನ್ಫೈನೈಟ್ ಪ್ಲೇನ್ ಶೀಟ್, ಪ್ರಶ್ನೆಯಲ್ಲೇ ಇರ್ತಿತ್ತು ಎಂದರು.

ಹಾಗಾದರೆ ಈ ಶೀಟಿಗೆ ಅಂಚು ಉಂಟೋ ಇಲ್ಲವೋ ಎಂದು ಚೇರ್ಮನ್ನರು ಕೇಳಿದರು. ಇದೆಯಲ್ಲ, ಕಾಣುತ್ತದಲ್ಲ ಎಂದು ದಾಮೋದರಣ್ಣ ಹೇಳಿದ್ದಕ್ಕೆ, ನೀವು ಕಕ್ಷಿದಾರರು, ನೀವು ಹೇಳಿದ್ದು ನಡೆಯುವುದಿಲ್ಲ ಎಂದರು. ಸ್ಥಳ ತನಿಖೆಯಾಗಬೇಕು. ಏಣಿ ಬಂತು. ಚೇರ್ಮನ್ನರು ಪಂಚೆ ಎತ್ತಿ ಕಟ್ಟಿ ಸ್ವತಃ ಹತ್ತಿ, ಪೂರ್ವದ ಅಂಚನ್ನು ಬೆರಳಿನಿಂದ ಮುಟ್ಟಿ, ಬಿಸಿಲಿಗೆ ಕಾದ ತಗಡಿನಿಂದ ಬೆರಳು ಸುಟ್ಟುಕೊಂಡು, ಉಂಟು ಎಂದು ಘೋಷಿಸಿದರು. ಆಮೇಲೆ ಏಣಿಯನ್ನು ಇನ್ನೂ ಮೂರು ಕಡೆ ಹೊರಿಸಿ ಹತ್ತಿದರು. ಮಹಜರು ಹೀಗೆ ಆಯಿತು: "ಸದರಿ ಶೀಟಿಗೆ ಪೂರ್ವಕ್ಕೆ ಒಂದು, ಪಶ್ಚಿಮಕ್ಕೆ ಒಂದು, ಹಾಗೆಯೇ ಉತ್ತರ ದಕ್ಷಿಣಗಳಿಗೆ ತಲಾ ಒಂದರಂತೆ ಅಂಚುಗಳಿರುವುದು ಪಂಚರ ಸಮಕ್ಷಮ ಕಂಡುಬಂದಿರುತ್ತದೆ. ಪಶ್ಚಿಮದ ಅಂಚು ಸ್ವಲ್ಪ ಬಗ್ಗಿರುತ್ತದೆ."

ಜಲಜಕ್ಕ ಸುಲಭಕ್ಕೆ ಬಿಡುವವರಲ್ಲ. ಇಲ್ಲಿ ನಿಂತರೆ ಅಂಚು ಕಾಣುತ್ತದೆ ಸರಿ, ಉಚ್ಚಿಲದಲ್ಲಿ ನಿಂತರೆ ಕಾಣುವುದಿಲ್ಲವಲ್ಲ ಎಂದರು. ಉಚ್ಚಿಲದಲ್ಲಿ ನಿಂತರೆ ಶೀಟಾದರೂ ಕಾಣುತ್ತದಾ ಎಂದು ಡುಲ್ಸಿನ್ ಕೇಳಿದಳು. ಜಲಜಕ್ಕ ಯೋಚಿಸಿದರು. ಇಲ್ಲ ಎಂದರು. ಕಾಣದಷ್ಟು ಸಣ್ಣದಾದದ್ದು ನಿಮ್ಮ ಮೀನನ್ನು ಹೇಗೆ ಓಡಿಸುತ್ತದೆ ಜಲಜಕ್ಕ ಎಂದಾಗ ಸುತ್ತ ಇದ್ದವರು ನಕ್ಕರು. ವಕೀಲರು ಕರವಸ್ತ್ರ ಜೇಬಿಗೆ ಹಾಕಿಕೊಂಡರು. ಹಲ್ಲಿನ ಜುಮ್ಮು ನಿಂತಿರಬೇಕು.

ಆಗ ಧರ್ಮಪಾಲರು ಆ ಕಾಗದವನ್ನು ಮೇಜಿನ ಮೇಲೆ ಹರಡಿದರು. ಮಹಜರು ಆಯಿತು, ಸಂತೋಷ, ಆದರೆ ಅರ್ಜಿಗಳು ಬಂದು ಆಗಿವೆ, ತಜ್ಞರ ಸಹಿ ಇಲ್ಲದೆ ಫೈಲ್ ಮುಚ್ಚಲಿಕ್ಕೆ ಬರುವುದಿಲ್ಲ ಎಂದರು. ಪೆನ್ನಿನ ಮುಚ್ಚಳ ತೆಗೆದು ಕಜೆಟನರ ಕೈಗೆ ಕೊಟ್ಟರು. ಹೆಸರು ಇಲ್ಲಿ, ಹುದ್ದೆ ಅದರ ಕೆಳಗೆ.

ಕಜೆಟನರು ಪೆನ್ನು ಹಿಡಿದು ನಿಂತರು. ಶೆಡ್ಡಿನ ಕಂಬಕ್ಕೆ ಒರಗಿ ಪಂಕಜಕ್ಕ ನಿಂತಿದ್ದರು, ಅವರ ಕಣ್ಣು ಪೆನ್ನಿನ ತುದಿಯ ಮೇಲಿತ್ತು. ದಾಮೋದರಣ್ಣ ನೆಲ ನೋಡುತ್ತಿದ್ದರು. ಕಜೆಟನರು ಅಭ್ಯಾಸಬಲದಿಂದ ಶಿಲುಬೆಯ ಗುರುತು ಹಾಕಿಕೊಂಡರು. ಆಮೇಲೆ ಜೇಬಿನಿಂದ ಟೆಸ್ಟರ್ ತೆಗೆದು ಮೇಜಿನ ಮೇಲಿಟ್ಟರು.

"ನಾನು ಇಂಜಿನಿಯರ್ ಅಲ್ಲ. ಕುವೈಟಿನಲ್ಲಿ ನಾನು ಸ್ಟೋರಿನಲ್ಲಿ ಇದ್ದವನು. ವಯರು ಎತ್ತಿಕೊಡುತ್ತಿದ್ದೆ, ಜೋಡಿಸುತ್ತಿರಲಿಲ್ಲ. ನನಗೆ ಕರೆಂಟಿನ ವಿಷಯ ಏನೂ ಗೊತ್ತಿಲ್ಲ. ಗೊತ್ತಿಲ್ಲದೆ ಮಾತಾಡಿ ದಾಮೋದರನ ಹೊಟ್ಟೆಗೆ ಹೊಡೆದೆ. ಇಲ್ಲಿ ಯಾವ ಹುದ್ದೆ ಬರೆಯಬೇಕು ಅಂತ ನೀವೇ ಹೇಳಿ."

ಅವರೂ ಕನ್ನಡದಲ್ಲೇ ಹೇಳಿದರು, ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವ ಹಾಗೆ ನೆಟ್ಟಗೆ ನಿಂತು. ಊರಿನ ಎಲ್ಲರೂ ಈಗ ಅಯ್ಯೋ ಎನ್ನುತ್ತಾರೆ ಎಂದು ಅವರು ಕಾದರು. ಯಾರೂ ಅನ್ನಲಿಲ್ಲ. ಚೇರ್ಮನ್ನರು ಸುಟ್ಟ ಬೆರಳಿಗೆ ಉಫ್ ಎಂದು ಊದುತ್ತಿದ್ದರು. ಪರ ಊರಿನವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಾಮೋದರಣ್ಣ ನೆಲದಿಂದ ತಲೆ ಎತ್ತಿದರು.

"ಪೊರ್ಬು, ಬೇಗ ಸೈನ್ ಪಾಡ್ಲ ಮಾರಾಯ. ಸೆಕೆ ಆಪುಂಡು."

ಬೇಗ ಸೈನು ಹಾಕು, ಸೆಕೆಯಾಗುತ್ತದೆ ಎಂದು ಅದರ ಅರ್ಥ. ಆದರೆ ಬೆಳ್ಮಣ್ಣಿನವರಿಗೆ ಅರ್ಥ ಬೇಕಾಗಿರಲಿಲ್ಲ. ತುಳು ಬಂತು, ಪೊರ್ಬು ಬಂತು, ಮಾರಾಯನೂ ಬಂದ. ಸೆಲೀನ್‌ಬಾಯಿ ಅಲ್ಲಿಯೇ ಒಂದು ನಿಟ್ಟುಸಿರು ಬಿಟ್ಟರು.

ಹುದ್ದೆಯ ಜಾಗ ಇನ್ನೂ ಖಾಲಿ ಇತ್ತು. ಕಜೆಟನರು ಹೆಸರು ಬರೆದು, ಕೆಳಗೆ ದುಂಡು ಅಕ್ಷರದಲ್ಲಿ "ನೆರೆಮನೆಯವ" ಎಂದು ಬರೆದು ಕಾಗದ ತಿರುಗಿಸಿ ಕೊಟ್ಟರು. ಧರ್ಮಪಾಲರು ಅದನ್ನು ಓದಿದರು, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ತಜ್ಞರಿಲ್ಲದ ತಜ್ಞರ ಅಭಿಪ್ರಾಯವನ್ನು ಯಾವ ಆಫೀಸು ಒಪ್ಪುತ್ತದೆ? ಅವರ ಮುಖದಲ್ಲಿ ಐದು ಮಾರ್ಕಿನ ಕಳೆ ಮತ್ತೆ ಮೂಡಿತು.

"ಇವರು ಶೀಟಿಗೆ ಅತ್ಯಂತ ಹತ್ತಿರ ಇರುವವರು. ಇವರದ್ದು ಆಕ್ಷೇಪ ಇಲ್ಲ. ಅರ್ಜಿ ಹಾಕಿದವರೆಲ್ಲ ಬರೆದದ್ದು ಎಂತ? ಹತ್ತಿರದವರಿಗೆ ಎಷ್ಟೋ ದೂರದವರಿಗೂ ಅಷ್ಟೇ ಅಂತ. ಹಾಗಾದರೆ ಇವರ ಆಕ್ಷೇಪ ಇಲ್ಲ ಅಂದರೆ ನಿಮ್ಮೆಲ್ಲರದ್ದೂ ಇಲ್ಲ ಅಂತಲೇ ಆಯಿತು. ನೀವೇ ಬರೆದ ನಿಯಮ."

ವಕೀಲರು ಬಾಯಿ ತೆರೆದು, ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡು, ಮುಚ್ಚಿದರು. ಕಟ್ಟಿಸಿದ ಹಲ್ಲು ಚೆನ್ನಾಗಿಯೇ ಇದ್ದದ್ದು ಎಲ್ಲರಿಗೂ ಕಂಡಿತು. ಫೈಲು ಅಲ್ಲಿಗೆ ಮುಚ್ಚಿತು.

ಮಿಲ್ಲು ಮಳೆಗೆ ಮೊದಲೇ ಶುರುವಾಯಿತು. ಸ್ವಿಚ್ಚು ಒತ್ತಲಿಕ್ಕೆ ಇಂಜಿನಿಯರರೇ ಆಗಬೇಕು ಎಂದು ದಾಮೋದರಣ್ಣ ಹಟ ಹಿಡಿದರು. ನಾನು ಇಂಜಿನಿಯರ್ ಅಲ್ಲ ಎಂದು ಮೊನ್ನೆ ಇಷ್ಟು ಜನರೆದುರು ಹೇಳಿದ್ದೇನಲ್ಲ ಎಂದು ಕಜೆಟನ್ ಅಂಗಲಾಚಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಟ್ಟ ಬಿರುದು ವಾಪಸು ಪಡೆಯುವ ಕ್ರಮ ನಮ್ಮ ಬಸ್‌ಸ್ಟ್ಯಾಂಡಿಗೆ ಇಲ್ಲ. ಅವರು ಚಪ್ಪಲಿ ಸರಿಮಾಡಿಕೊಂಡು, ಶಿಲುಬೆಯ ಗುರುತು ಹಾಕಿ, ಕಣ್ಣು ಮುಚ್ಚಿ ಒತ್ತಿದರು. ಶೀಟೆಲ್ಲ ಗಡಗಡ ನಡುಗಿ ಮಿಲ್ಲು ಓಡಿತು.

ಮೊದಲ ಕುಚ್ಚಲಕ್ಕಿ ಹೊರಬಿದ್ದ ಸಂಜೆ ಪಂಕಜಕ್ಕ ಪಾಗಾರದ ಬಳಿ ಬಂದರು. ಬೋಗುಣಿ ಈಚೆ ಇತ್ತು, ಹಾಗಾಗಿ ಅವರು ತಮ್ಮದೇ ತಟ್ಟೆಯಲ್ಲಿ ಹಲಸಿನಹಣ್ಣಿನ ಗಟ್ಟಿ ತಂದಿದ್ದರು. ಮೊನ್ನೆ ಬರಿದು ಕಳಿಸಿದ್ದು ನನ್ನದು ತಪ್ಪು, ಆವತ್ತು ಇಡೀ ದಿನ ಊಟ ಸೇರಲಿಲ್ಲ ಎಂದರು. ಕಜೆಟನರು ತಟ್ಟೆ ಹಿಡಿದುಕೊಂಡು, ಬಹಳ ದಿನದಿಂದ ಗಂಟಲಲ್ಲಿ ಇದ್ದದ್ದನ್ನು ಕೇಳಿಬಿಟ್ಟರು. ನಾನು ಇಂಜಿನಿಯರ್ ಅಲ್ಲ ಎಂದು ನಿಮಗೆಲ್ಲ ಯಾವಾಗ ಗೊತ್ತಾಯಿತು?

ಮೊದಲ ದಿನವೇ ಎಂದರು ಪಂಕಜಕ್ಕ. ನಮ್ಮ ಮನೆಯ ಫ್ಯೂಸು ಹೋದಾಗ ಬಂದು ಮರದ ಹಲಗೆಗೆ ಟೆಸ್ಟರ್ ಕುಟ್ಟಿದಿರಲ್ಲ, ಆಗಲೇ.

"ಮತ್ತೆ ಆಮೇಲೆಯೂ ಪ್ರತಿ ಸಲ ನನ್ನನ್ನೇ ಯಾಕೆ ಕರೆದದ್ದು?"

ಪಂಕಜಕ್ಕ ಮಿಲ್ಲಿನ ಕಡೆ ನೋಡಿದರು. ಒಳಗೆ ದಾಮೋದರಣ್ಣ ಮೈತುಂಬ ತೌಡಿನ ಹುಡಿಯಾಗಿ, ಯಾರಿಗೋ ಗಟ್ಟಿಯಾಗಿ ತುಳುವಿನಲ್ಲಿ ಬೈಯುತ್ತಿದ್ದರು.

"ಇವರು ಬೊಂಬಾಯಿಯಲ್ಲಿ. ಕರೆಂಟು ಹೋದರೆ ಮನೆಯಲ್ಲಿ ನಾನೊಬ್ಬಳೇ. ಕಾರ್ಕಳದಿಂದ ವಯರ್‌ಮ್ಯಾನ್ ಬರುವವರೆಗೆ ಯಾರಾದರೂ ಹತ್ತಿರ ಇರಬೇಕಲ್ಲ ಪೊರ್ಬುಗಳೇ."

ಹತ್ತಿರ ಇದ್ದರೂ ಒಂದೇ, ದೂರ ಇದ್ದರೂ ಒಂದೇ ಎಂದು ಊರಿಗೆಲ್ಲ ಸಾರಿದ ಮನುಷ್ಯ ಅದಕ್ಕೆ ಏನು ಹೇಳಿಯಾರು? ಅವರು ಗಟ್ಟಿಯ ತಟ್ಟೆಯನ್ನು ಒಳಗೆ ಕೊಂಡುಹೋದರು. ಸೆಲೀನ್‌ಬಾಯಿ ತಟ್ಟೆ ತೊಳೆದು, ಅದರಲ್ಲಿ ನಾಲ್ಕು ಸಾನ್ನ ಇಟ್ಟು ವಾಪಸು ಕಳಿಸಿದರು.